ಜರ್ಮನಿ ಕೊಟ್ಟ ಬಂದೂಕುಗಳ ಹಿಂದೆ ಬಿದ್ದು: ನನ್ನ ಅನುಭವ

"ಜರ್ಮನಿ ಕುರ್ದರಿಗೆ ಶಸ್ತ್ರ ಕೊಟ್ಟಿತು." ಸುದ್ದಿಯಲ್ಲಿ ಇಷ್ಟೇ ಬರುತ್ತದೆ. ಯಾವ ಕುರ್ದರಿಗೆ? ಯಾವ ದಾರಿಯಲ್ಲಿ? ಏನು ಷರತ್ತು ಹಾಕಿ? ಬರ್ಲಿನ್ನಿನಲ್ಲಿ ಎಂ.ಎ. ಓದುವಾಗ ನಾನು ಪ್ರಬಂಧಕ್ಕೆ ಆರಿಸಿಕೊಂಡಿದ್ದು ಇದೇ ವಿಷಯ. ಟರ್ಕಿ, ಇರಾಕ್, ಸಿರಿಯಾ, ಇರಾನ್ ನಡುವೆ ಹಂಚಿಹೋಗಿರುವ ಕುರ್ದರ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಮ್ಮಿ. ಮುಂದೆ ಇದರ ಮೇಲೆ ಕೆಲಸ ಮಾಡುವವರಿಗೆ ಅನುಕೂಲವಾಗಲಿ ಅಂತ, ನಾನು ಹೇಗೆ ಮಾಡಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಶುರು ಮಾಡಿದ್ದು ಜರ್ಮನ್ ಸಂಸತ್ತು ಬುಂಡೆಸ್ಟಾಗಿನ ಕಡತಗಳಿಂದ. ಅಲ್ಲಿ ಸದಸ್ಯರು ಆಡಿದ ಪ್ರತಿ ಮಾತೂ ಅಚ್ಚಾಗುತ್ತದೆ, ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅದಕ್ಕಿಂತ ಉಪಯೋಗಕ್ಕೆ ಬಂದದ್ದು 'ಕ್ಲೈನೆ ಆನ್‌ಫ್ರಾಗೆ' ಎಂಬ ಪ್ರಶ್ನೆಗಳು. ನಮ್ಮ ಲೋಕಸಭೆಯ ಚುಕ್ಕೆರಹಿತ ಪ್ರಶ್ನೆಗಳ ಹಾಗೆ ಇವಕ್ಕೂ ಸರ್ಕಾರ ಬರವಣಿಗೆಯಲ್ಲೇ ಉತ್ತರ ಕೊಡಬೇಕು. ಎಷ್ಟು ಬಂದೂಕು ಕೊಟ್ಟಿರಿ, ಲೆಕ್ಕ ಇಡುವವರು ಯಾರು ಅಂತ ವಿರೋಧ ಪಕ್ಷದವರು ಕೇಳುತ್ತಲೇ ಹೋಗಿದ್ದಾರೆ. ಉತ್ತರ ನುಣುಚಿಕೊಂಡಂತಿದ್ದರೂ ಪರವಾಗಿಲ್ಲ. ಎಲ್ಲಿ ನುಣುಚಿಕೊಂಡಿದ್ದಾರೆ ಅನ್ನುವುದೂ ಒಂದು ಮಾಹಿತಿಯೇ ಅಲ್ವಾ?

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2014ರ ಜೂನ್‌ನಲ್ಲಿ ಉಗ್ರ ಸಂಘಟನೆ ಐಸಿಸ್ ಇರಾಕಿನ ಮೋಸುಲ್ ನಗರ ಹಿಡಿಯಿತು. ಆಗಸ್ಟ್ 3ರಂದು, ಯಜೀದಿ ಎಂಬ ಅಲ್ಪಸಂಖ್ಯಾತ ಧರ್ಮದವರು ಇರುವ ಸಿಂಜಾರ್ ಮೇಲೆ ಬಿತ್ತು. ಯಜೀದಿ ಗಂಡಸರನ್ನು ಕೊಂದರು, ಸಾವಿರಾರು ಹೆಂಗಸರು ಮಕ್ಕಳನ್ನು ಹೊತ್ತೊಯ್ದರು. ಉಳಿದವರು ಬೆಟ್ಟ ಹತ್ತಿ ನೀರಿಲ್ಲದೆ ಕೂತರು. ಯುದ್ಧ ನಡೆಯುವ ಜಾಗಕ್ಕೆ ಶಸ್ತ್ರ ಕೊಡುವುದಿಲ್ಲ ಎಂಬುದು ಅಲ್ಲಿಯವರೆಗೆ ಜರ್ಮನಿ ಹೇಳಿಕೊಂಡು ಬಂದ ನೀತಿ. ಆಗಸ್ಟ್ 31ರಂದು ಆಂಗೆಲಾ ಮರ್ಕೆಲ್ ಸರ್ಕಾರ ಆ ಗೆರೆ ದಾಟಿ, ಐಸಿಸ್ ವಿರುದ್ಧ ಹೋರಾಡುತ್ತಿದ್ದ ಇರಾಕಿ ಕುರ್ದರ ಪಡೆ ಪೇಶ್ಮರ್ಗಾಗೆ ಶಸ್ತ್ರ ಕೊಡಲು ತೀರ್ಮಾನಿಸಿತು.

ಕೊಟ್ಟ ಶಸ್ತ್ರಗಳ ಪಟ್ಟಿಯನ್ನು ನಾನು ಕೈಯಲ್ಲೇ ನಕಲು ಮಾಡಿಕೊಂಡೆ. ಜಿ3 ಬಂದೂಕು 8,000, ಜಿ36 ಬಂದೂಕು 8,000, ಮೆಷಿನ್ ಗನ್ 40, ಮಿಲಾನ್ ಟ್ಯಾಂಕ್ ನಿರೋಧಕ ಕ್ಷಿಪಣಿಯ 30 ಉಡಾವಣಾ ಯಂತ್ರ, ಅದಕ್ಕೆ 500 ಕ್ಷಿಪಣಿ. ಜೊತೆಗೆ ಪಿಸ್ತೂಲು, ಕೈಬಾಂಬು. ಎಲ್ಲಾ ಜರ್ಮನ್ ಸೇನೆಯ ಸ್ವಂತ ಉಗ್ರಾಣದ್ದೇ. ಸುಮಾರು 4,000 ಜನರ ಒಂದು ಬ್ರಿಗೇಡ್ ಸಜ್ಜಾಗುವಷ್ಟು, ಬೆಲೆ ಸುಮಾರು 7 ಕೋಟಿ ಯೂರೋ. ಆಮೇಲೆ ಇನ್ನಷ್ಟು ಕಂತು ಹೋದವು.

ಪಟ್ಟಿಗಿಂತ ಜಾಸ್ತಿ ವಿಷಯ ಹೇಳುವುದು ದಾರಿ. ವಿಮಾನ ಜರ್ಮನಿಯಿಂದ ನೇರ ಇರಾಕಿ ಕುರ್ದರ ರಾಜಧಾನಿ ಎರ್ಬಿಲ್‌ಗೆ ಹೋಗುವ ಹಾಗಿರಲಿಲ್ಲ. ಮೊದಲು ಬಾಗ್ದಾದಿನಲ್ಲಿ ಇಳಿಯಬೇಕು, ಇರಾಕಿನ ಅಧಿಕಾರಿಗಳು ಸಾಮಾನು ನೋಡಬೇಕು, ಆಮೇಲೆ ಮುಂದಕ್ಕೆ. ಕುರ್ದರದು ದೇಶವಲ್ಲ. ಎರ್ಬಿಲ್‌ನಲ್ಲಿರುವುದು ಇರಾಕಿನೊಳಗಿನ ಪ್ರಾಂತೀಯ ಸರ್ಕಾರ. ಬಾಗ್ದಾದಿನ ಒಪ್ಪಿಗೆ ಇಲ್ಲದೆ ಕೊಟ್ಟರೆ ಇನ್ನೊಂದು ದೇಶದೊಳಗಿನ ಪಡೆಗೆ ಶಸ್ತ್ರ ಕೊಟ್ಟಂತಾಗುತ್ತದೆ. ಹಾಗಾಗಿ ಜರ್ಮನಿಯ ಕಾಗದಗಳಲ್ಲಿ ಬಾಗ್ದಾದ್ ಎಲ್ಲಿ ಬರುತ್ತದೆ ಅಂತ ನಾನು ಪ್ರತಿ ಸಲ ಹುಡುಕುತ್ತಿದ್ದೆ. ಬಾಗ್ದಾದಿನ ಹೆಸರು ಒತ್ತಿ ಒತ್ತಿ ಬರುವ ಕಡೆ ಬರ್ಲಿನ್ ಕಾನೂನಿನ ಬಗ್ಗೆ ಅಳುಕುತ್ತಿದೆ ಅಂತಲೇ ಲೆಕ್ಕ.

2014ರ ಸೆಪ್ಟೆಂಬರ್ 1ರ ವಿಶೇಷ ಅಧಿವೇಶನವನ್ನು ಪೂರ್ತಿ ಓದಿ. ಬುಂಡೆಸ್ಟಾಗ್ ಅಂದು ಶಸ್ತ್ರ ಪೂರೈಕೆಗೆ ಬೆಂಬಲ ಸೂಚಿಸಿತು, ಆದರೆ ಆ ಮತಕ್ಕೆ ಕಾನೂನಿನ ಬಲ ಇರಲಿಲ್ಲ. ಶಸ್ತ್ರ ಕಳಿಸಲು ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಹತಾರು ಹಿಡಿದ ಸೈನಿಕರನ್ನು ಕಳಿಸಲು ಬೇಕೇ ಬೇಕು, 1994ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹಾಗಂತ ತೀರ್ಪು ಕೊಟ್ಟಿದೆ. ಆದ್ದರಿಂದ 2015ರ ಜನವರಿ 29ರಂದು, ತರಬೇತಿಗೆ 100 ಸೈನಿಕರವರೆಗೆ ಎರ್ಬಿಲ್‌ಗೆ ಕಳಿಸುವಾಗ, ನಿಜವಾದ ಮತದಾನ ನಡೆಯಿತು. 16,000 ಬಂದೂಕಿಗೆ ಬೇಡವಾದ ಒಪ್ಪಿಗೆ 100 ಜನ ತರಬೇತುದಾರರಿಗೆ ಬೇಕಾಯಿತು. ಈ ವ್ಯವಸ್ಥೆ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಬಂದೂಕು ಸೈನಿಕನಿಗಿಂತ ಜಾಸ್ತಿ ಕಾಲ ಅಲ್ಲೇ ಉಳಿಯುತ್ತದೆ.

ಕಡತ ಓದಿದ ಮೇಲೆ ಜನರನ್ನು ಹುಡುಕಿದೆ. ಬರ್ಲಿನ್ನಿನಲ್ಲಿ ಕುರ್ದರಿಗೇನು ಬರವಿಲ್ಲ, ಇಡೀ ಜರ್ಮನಿಯಲ್ಲಿ ಸುಮಾರು 10 ಲಕ್ಷ ಜನ ಇದ್ದಾರೆ ಎಂಬ ಅಂದಾಜಿದೆ. ಇರಾಕಿ ಕುರ್ದರ ಇನ್ನೊಂದು ದೊಡ್ಡ ನಗರ ಸುಲೈಮಾನಿಯಾದಿಂದ ಬಂದ ಸಹಪಾಠಿಯೊಬ್ಬ ಹಳೆಯ ಪೇಶ್ಮರ್ಗಾ ಸೈನಿಕರ ಪರಿಚಯ ಮಾಡಿಸಿಕೊಟ್ಟ. ಮಾತಿಗೆ ಕೂತಾಗ ರಾಜಕೀಯ ಕೇಳುತ್ತಿರಲಿಲ್ಲ. ಆಯುಧಗಳ ಚಿತ್ರ ಮುದ್ರಿಸಿಕೊಂಡು ಹೋಗಿ ಮೇಜಿನ ಮೇಲೆ ಹರಡುತ್ತಿದ್ದೆ. "ಇದರಲ್ಲಿ ನೀವು ಕೈಯಲ್ಲಿ ಹಿಡಿದದ್ದು ಯಾವುದು?" ಅಷ್ಟೇ.

ಒಬ್ಬರು ಮಿಲಾನ್ ಚಿತ್ರದ ಮೇಲೆ ಬೆರಳಿಟ್ಟು ಬಹಳ ಹೊತ್ತು ಮಾತಾಡಿದರು. ಐಸಿಸ್‌ನವರು ಲಾರಿಗೆ ಸ್ಫೋಟಕ ತುಂಬಿ, ಮುಂದೆ ದಪ್ಪ ಕಬ್ಬಿಣದ ತಗಡು ಬೆಸೆದು ನುಗ್ಗಿಸುತ್ತಿದ್ದರಂತೆ. ಕಲಾಶ್ನಿಕೋವ್ ಗುಂಡು ಆ ತಗಡಿಗೆ ತಾಗಿ ಸಿಡಿದು ಹೋಗುತ್ತಿತ್ತು. ಮಿಲಾನ್ ಸುಮಾರು 2 ಕಿಲೋಮೀಟರ್ ದೂರ ಹೊಡೆಯುತ್ತದೆ, ಆದರೆ ಅದು ತಂತಿಯಿಂದ ನಡೆಸುವ ಕ್ಷಿಪಣಿ. ಹಾರಿಸಿ ಬಿಟ್ಟರೆ ಮುಗಿಯಲಿಲ್ಲ. ತಾಗುವ ತನಕ, ಹತ್ತು ಹನ್ನೆರಡು ಸೆಕೆಂಡು, ಗುರಿಯ ಗೆರೆಯನ್ನು ಲಾರಿಯ ಮೇಲೇ ಇಟ್ಟುಕೊಂಡಿರಬೇಕು. "ಲಾರಿ ನಿನ್ನ ಕಡೆಗೇ ಬರ್ತಿರುತ್ತೆ. ಕೈ ಅಲುಗಬಾರದು, ಉಸಿರು ಬಿಡಬಾರದು" ಅಂದರು. ಬವೇರಿಯಾದ ಹ್ಯಾಮೆಲ್‌ಬರ್ಗ್ ಸೇನಾ ಶಾಲೆಗೆ ಮೊದಲ ಕುರ್ದ್ ತಂಡವನ್ನು ಕರೆಸಿ ಕಲಿಸಿದ್ದು ಇದನ್ನೇ. ಕೊಟ್ಟ ಆಯುಧಗಳಲ್ಲಿ ಜೀವ ಉಳಿಸಿದ್ದು ಯಾವುದು ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಮಿಲಾನ್ ಹೆಸರೇ.

ಇನ್ನೊಂದು ಪ್ರಶ್ನೆ ಎಲ್ಲರಿಗೂ ಕೇಳುತ್ತಿದ್ದೆ: "ಸಂಬಳ ಯಾವಾಗ ಬರ್ತಿತ್ತು?" 2014ರ ಶುರುವಿನಲ್ಲೇ ಬಾಗ್ದಾದ್ ಎರ್ಬಿಲ್‌ನ ಪಾಲಿನ ಹಣ ತಡೆದಿತ್ತು, ಆಮೇಲೆ ಎಣ್ಣೆಯ ಬೆಲೆಯೂ ಬಿತ್ತು. ತಿಂಗಳುಗಟ್ಟಲೆ ಸಂಬಳ ಇಲ್ಲ. 2016ರ ಜನವರಿಯಲ್ಲಿ ಜರ್ಮನ್ ಸಾರ್ವಜನಿಕ ವಾಹಿನಿಗಳ ವರದಿಗಾರರು ಎರ್ಬಿಲ್, ಸುಲೈಮಾನಿಯಾ ಸಂತೆಗಳಲ್ಲಿ ಜರ್ಮನ್ ಜಿ3 ಬಂದೂಕು, ಪಿ1 ಪಿಸ್ತೂಲು ಮಾರಾಟಕ್ಕಿಟ್ಟಿದ್ದನ್ನು ಕಂಡರು. ಎರ್ಬಿಲ್ ಸರ್ಕಾರ ಆಯುಧ ಬೇರೆಯವರ ಕೈಗೆ ಹೋಗುವುದಿಲ್ಲ ಅಂತ ಬರೆದುಕೊಟ್ಟಿತ್ತು. ಆದರೆ ಮನೆಯಲ್ಲಿ ಒಲೆ ಉರಿಯದಿದ್ದರೆ ಆ ಕಾಗದ ಏನು ಮಾಡೀತು? ಆಯುಧ ಕೊಡುವಾಗಲೇ ಸೈನಿಕರ ಸಂಬಳದ ಮಾತೂ ಆಗಬೇಕಿತ್ತು. ಪೇಶ್ಮರ್ಗಾ ಒಂದೇ ಸೇನೆಯೂ ಅಲ್ಲ, ದೊಡ್ಡ ಪಾಲು ಎರಡು ಪಕ್ಷಗಳ ಹಿಡಿತದಲ್ಲಿದೆ. ಎರ್ಬಿಲ್ ಕಡೆ ಕೆಡಿಪಿ, ಸುಲೈಮಾನಿಯಾ ಕಡೆ ಪಿಯುಕೆ. ನಮ್ಮ ಕಡೆಗೆ ಕಮ್ಮಿ ಬಂತು ಎಂಬ ದೂರು ಸುಲೈಮಾನಿಯಾದವರ ಬಾಯಲ್ಲಿ ಇಂದಿಗೂ ಇದೆ.

ಇಷ್ಟನ್ನೇ ಬರೆದಿದ್ದರೆ ಪ್ರಬಂಧ ಅರ್ಧ ಆಗುತ್ತಿತ್ತು. ನನಗೆ ಕಣ್ಣು ತೆರೆಸಿದ್ದು ಎರಡು ಕಾಲಮ್ಮಿನ ಒಂದು ತಾರೀಕಿನ ಪಟ್ಟಿ. ಎಡಗಡೆ ಜರ್ಮನಿ ಎರ್ಬಿಲ್ ಜೊತೆ ಮಾಡಿದ್ದು. ಬಲಗಡೆ ಅದೇ ಜರ್ಮನಿ ಉಳಿದ ಕುರ್ದರ ವಿಷಯದಲ್ಲಿ ಮಾಡಿದ್ದು. ಎರಡನ್ನೂ ಒಂದಕ್ಕೊಂದು ತಾಳೆ ನೋಡಬೇಕು. 1988ರಲ್ಲಿ ಇರಾಕಿ ಕುರ್ದರ ಪಟ್ಟಣ ಹಲಬ್ಜಾದ ಮೇಲೆ ಸದ್ದಾಂ ಹುಸೇನ್ ಸೇನೆಯ ವಿಷಾನಿಲ ಬಿತ್ತು. ಸದ್ದಾಂನ ರಾಸಾಯನಿಕ ಕಾರ್ಖಾನೆಗಳಿಗೆ ಸಲಕರಣೆ ಕೊಟ್ಟವರಲ್ಲಿ ಜರ್ಮನ್ ಕಂಪನಿಗಳೂ ಇದ್ದವು. 1992ರಲ್ಲಿ ಬರ್ಲಿನ್ನಿನ ಮಿಕೋನೋಸ್ ಹೋಟೆಲಿನಲ್ಲಿ ಇರಾನಿನ ಕುರ್ದ್ ನಾಯಕ ಸಾದಿಕ್ ಶರಾಫ್‌ಕಂದಿಯ ಕೊಲೆಯಾಯಿತು. 1997ರಲ್ಲಿ ಬರ್ಲಿನ್ ನ್ಯಾಯಾಲಯ ಇರಾನಿನ ಆಡಳಿತವನ್ನೇ ಹೊಣೆ ಮಾಡಿತು, ಯುರೋಪಿನ ದೇಶಗಳು ರಾಯಭಾರಿಗಳನ್ನು ವಾಪಸು ಕರೆಸಿಕೊಂಡವು. ಜರ್ಮನ್ ನ್ಯಾಯಾಧೀಶರು ಅಂದು ತೋರಿಸಿದ ಧೈರ್ಯ ದೊಡ್ಡದು. ನಡುವೆ 1993ರಲ್ಲಿ ಟರ್ಕಿಯ ವಿರುದ್ಧ ಶಸ್ತ್ರ ಹಿಡಿದಿದ್ದ ಕುರ್ದ್ ಸಂಘಟನೆ ಪಿಕೆಕೆಯನ್ನು ಜರ್ಮನಿ ನಿಷೇಧಿಸಿತು, ಆ ನಿಷೇಧ ಇಂದಿಗೂ ಇದೆ. 2018ರ ಜನವರಿಯಲ್ಲಿ ಟರ್ಕಿ ಸಿರಿಯಾದ ಆಫ್ರಿನ್‌ಗೆ ನುಗ್ಗಿದಾಗ ಅಲ್ಲಿನ ಕುರ್ದ್ ಪಡೆ ವೈಪಿಜಿಯ ಎದುರಿಗೆ ಬಂದದ್ದು ಜರ್ಮನ್ ಲೆಪರ್ಡ್ 2 ಟ್ಯಾಂಕುಗಳು. ಅಂಥ 354 ಟ್ಯಾಂಕುಗಳನ್ನು ಜರ್ಮನಿ ಟರ್ಕಿಗೆ ಕೊಟ್ಟಿತ್ತು.

ಈ ಪಟ್ಟಿ ಎದುರಿಗಿದ್ದರೆ 2014ರ ಆಗಸ್ಟ್ ಬೇರೆ ಥರ ಕಾಣುತ್ತದೆ. ಸಿಂಜಾರ್ ಬೆಟ್ಟದಿಂದ ಯಜೀದಿಗಳನ್ನು ಇಳಿಸಿ ಸಿರಿಯಾದ ಕಡೆ ದಾರಿ ಬಿಡಿಸಿದ್ದು ಮುಖ್ಯವಾಗಿ ವೈಪಿಜಿ ಮತ್ತು ಪಿಕೆಕೆ ಹೋರಾಟಗಾರರು. ಅಲ್ಲಿದ್ದ ಪೇಶ್ಮರ್ಗಾ ಹಿಂದೆ ಸರಿದಿದ್ದರು. ಬರ್ಲಿನ್ನಿನಿಂದ ಶಸ್ತ್ರ ಹೋದದ್ದು ಪೇಶ್ಮರ್ಗಾಗೆ ಮಾತ್ರ. ಟರ್ಕಿ ನೇಟೋ ದೇಶ, ಪಿಕೆಕೆ ನಿಷೇಧಿತ, ಎರ್ಬಿಲ್ ಟರ್ಕಿಯೊಂದಿಗೆ ಚೆನ್ನಾಗಿದೆ. ಜರ್ಮನಿಗೆ ಸಹಾಯ ಮಾಡಲು ತೆರೆದಿದ್ದ ಬಾಗಿಲು ಅದೊಂದೇ. ಶಸ್ತ್ರ ಕೊಟ್ಟದ್ದು ಸರಿ ಅಂತಲೇ ನಾನು ಪ್ರಬಂಧದಲ್ಲಿ ವಾದಿಸಿದೆ, ಈಗಲೂ ಅದೇ ಹೇಳುತ್ತೇನೆ. ಸ್ಫೋಟಕ ತುಂಬಿದ ಆ ಐಸಿಸ್ ಲಾರಿಗಳು ಎರ್ಬಿಲ್ ತನಕ ಬಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಆದರೆ 'ಕುರ್ದರ ಮಿತ್ರ ಜರ್ಮನಿ' ಅಂತ ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. 2017ರ ಸೆಪ್ಟೆಂಬರ್ 25ರಂದು ಎರ್ಬಿಲ್ ಸ್ವಾತಂತ್ರ್ಯಕ್ಕೆ ಜನಮತ ಕೇಳಿದಾಗ ಬೇಡ ಅಂದವರಲ್ಲಿ ಜರ್ಮನಿಯೂ ಇತ್ತು. ಅಕ್ಟೋಬರಿನಲ್ಲಿ ಇರಾಕಿ ಸೇನೆ ಕುರ್ದರ ಕೈಯಲ್ಲಿದ್ದ ಕಿರ್ಕುಕ್ ನಗರ ಹಿಡಿದ ಹೊತ್ತಿಗೆ ಜರ್ಮನಿ ತರಬೇತಿಯನ್ನೇ ಕೆಲ ಕಾಲ ನಿಲ್ಲಿಸಿತ್ತು.

ಪ್ರಬಂಧ ಕೊಟ್ಟಾದ ಮೇಲೂ ಪಟ್ಟಿ ಬೆಳೆಯುತ್ತಿದೆ. ಬಾಡೆನ್ ವುರ್ಟೆಂಬರ್ಗ್ ರಾಜ್ಯ ಐಸಿಸ್ ಕೈಯಿಂದ ಪಾರಾದ ಸುಮಾರು 1,100 ಹೆಂಗಸರು ಮಕ್ಕಳನ್ನು ಕರೆಸಿಕೊಂಡಿತು, ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಯಜೀದಿ ಹೆಣ್ಣುಮಗಳು ನಾದಿಯಾ ಮುರಾದ್ ಬಂದದ್ದೂ ಹಾಗೆಯೇ. 2023ರ ಜನವರಿ 19ರಂದು ಬುಂಡೆಸ್ಟಾಗ್ ಯಜೀದಿಗಳ ಮೇಲೆ ನಡೆದದ್ದು ನರಮೇಧ ಅಂತ ಒಪ್ಪಿತು. ಅದೇ ವರ್ಷ ಆಶ್ರಯದ ಅರ್ಜಿ ತಿರಸ್ಕಾರವಾದ ಯಜೀದಿಗಳನ್ನು ಇರಾಕಿಗೆ ವಾಪಸು ಕಳಿಸುವುದೂ ಶುರುವಾಯಿತು. ವರ್ಷದ ಕೊನೆಗೆ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯ ಹೆಂಗಸರು ಮಕ್ಕಳ ಮಟ್ಟಿಗೆ ಅದನ್ನು ತಾತ್ಕಾಲಿಕವಾಗಿ ತಡೆಯಿತು. ಈಗ ನಾನು ಓದುತ್ತಿರುವುದು ಇದಕ್ಕೆ ಸಂಬಂಧಿಸಿದ ಪ್ರಶ್ನೋತ್ತರಗಳನ್ನು.