ಬಿಸಿಯೂಟ ಯಾರ ಜವಾಬ್ದಾರಿ? ಎಸ್‌ಡಿಎಂಸಿಲಿ ಇದ್ಕೊಂಡು ನಾನು ಮಾಡಿದ್ದು

ನಮ್ಮೂರಲ್ಲಿ ಯಾರನ್ನ ಕೇಳಿದ್ರೂ ಶಾಲೆ ಊಟ ಮೇಷ್ಟ್ರ ಕೆಲಸ ಅಂತಾರೆ. ಮೇಷ್ಟ್ರನ್ನ ಕೇಳಿದ್ರೆ ತಾಲ್ಲೂಕಲ್ಲಿ ಬಿಸಿಯೂಟ ನೋಡ್ಕೊಳ್ಳೋ ಅಕ್ಷರ ದಾಸೋಹ ಆಫೀಸು, ಆಫೀಸಲ್ಲಿ ಕೇಳಿದ್ರೆ ಗೋಡೌನು, ಗೋಡೌನಲ್ಲಿ ಕೇಳಿದ್ರೆ ಲಾರಿ, ಲಾರಿಯವ್ನು ಮಳೆ ಕಡೆ ಕೈ ತೋರಿಸ್ತಾನೆ. ಎಸ್‌ಡಿಎಂಸಿ, ಅಂದ್ರೆ ಶಾಲೆ ಉಸ್ತುವಾರಿ ನೋಡೋ ಪೋಷಕರ ಕಮಿಟಿ, ಅದ್ರ ಅಧ್ಯಕ್ಷೆ ಆದ್ಮೇಲೆ ಈ ಸುತ್ತು ಪೂರ್ತಿ ಸುತ್ತಿದೀನಿ, ಹಂಗಾಗಿ ಬರೀತಿದೀನಿ, ಬೇರೆ ಊರಿನ ಅಮ್ಮಂದ್ರು ಯಾರಾದ್ರೂ ಹೊಸದಾಗಿ ಕಮಿಟಿಗೆ ಬಂದಿದ್ರೆ ಉಪಯೋಗಕ್ಕೆ ಬರ್ಬಹುದು.

ನಮ್ದು ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವಿನ ಹಳ್ಳಿ. ಒಂದರಿಂದ ಏಳನೇ ಕ್ಲಾಸು ತನಕ ಶಾಲೆ, ಮಕ್ಕಳು 42. ಅರ್ಧಕ್ಕಿಂತ ಜಾಸ್ತಿ ತೋಟದ ಕೆಲಸಕ್ಕೆ ಹೋಗೋರ ಮನೆಯವ್ರು, ಅಪ್ಪ ಅಮ್ಮ ಏಳು ಗಂಟೆಗೇ ಮನೆ ಬಿಡ್ತಾರೆ, ಮಕ್ಕಳು ರಾತ್ರಿ ಉಳಿದ ಗಂಜಿನೋ ಒಂದು ಲೋಟ ಟೀನೋ ಕುಡ್ದು ಗುಡ್ಡ ಇಳಿದು ಸಂಕ ದಾಟಿ ಬರ್ತವೆ. ಮೀಟಿಂಗಲ್ಲಿ ಕೆಲವರು "ಅಷ್ಟು ರಗಳೆ ಆದ್ರೆ ಬಿಡಿ ಮಾರಾಯ್ರೆ, ನಾವೇ ಬುತ್ತಿ ಕಟ್ಟಿ ಕಳಿಸ್ತೀವಿ" ಅಂದ್ರು. ಕಟ್ಟೋಕೆ ಮನೇಲಿ ಜನ ಇರೋರು ಹೇಳೋ ಮಾತು ಅದು. ಬುತ್ತಿ ಇರೋ ಮಗು ಬಿಚ್ಚಿ ತಿಂತದೆ, ಇಲ್ದಿರೋದು ನಲ್ಲಿ ಹತ್ರ ಹೋಗಿ ನಿಲ್ತದೆ, ಮತ್ತೆ ಅದಕ್ಕೊಂದು ಇದಕ್ಕೊಂದು ಪಂಕ್ತಿ ಆಗ್ತದೆ. ಅದಕ್ಕೆ ನಾನು ಒಪ್ಲಿಲ್ಲ.

ಮೊದ್ಲು ಕೂತು ಕಾಗದ ಓದಿದೆ. ನಾನು ಓದೋ ಕಾಲದಲ್ಲಿ ಊಟ ಇರ್ಲಿಲ್ಲ, 1995ರಲ್ಲಿ ಕೇಂದ್ರದ ಸ್ಕೀಮು ಶುರುವಾಗಿತ್ತಲ್ಲ, ಅದ್ರಲ್ಲಿ 80 ಪರ್ಸೆಂಟ್ ಹಾಜರಿ ಇದ್ರೆ ತಿಂಗಳಿಗೆ 3 ಕೆಜಿ ಅಕ್ಕಿ ಮನೆಗೆ ಕೊಡೋರು. ಆ ಅಕ್ಕಿ ಮನೆ ಮಂದಿಗೆಲ್ಲ ಬೇಯ್ತಿತ್ತು, ಮಗುವಿನ ಮಧ್ಯಾಹ್ನ ಹಂಗೇ ಖಾಲಿ. 2001ರ ನವೆಂಬರ್ 28ಕ್ಕೆ ಸುಪ್ರೀಂ ಕೋರ್ಟು ಅಕ್ಕಿ ಸಾಲದು, ಬೇಯಿಸಿದ ಊಟನೇ ಕೊಡ್ಬೇಕು ಅಂತ ರಾಜ್ಯಗಳಿಗೆ ಹೇಳ್ತು. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ 7 ಜಿಲ್ಲೆಲಿ ಶುರುವಾಗಿ 2003ಕ್ಕೆ ಈ ಕಡೆಗೂ ಬಂತು. ಆಮೇಲೆ 2013ರ ಆಹಾರ ಭದ್ರತಾ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಇದು ಹಕ್ಕು ಅಂತ ಬರೆದುಬಿಡ್ತು. 2021ರಲ್ಲಿ ಪಿಎಂ ಪೋಷಣ್ ಅಂತ ಹೆಸರಿಟ್ಟಿದಾರೆ, ನಮ್ಮಲ್ಲಿ ಯಾರೂ ಹಂಗೆ ಕರೆಯಲ್ಲ, ಬಿಸಿಯೂಟ ಅಷ್ಟೇ.

ನನಗೆ ಉಪಯೋಗಕ್ಕೆ ಬಂದಿದ್ದು ಬಿಸಿಯೂಟಕ್ಕೆ ಅಂತ ಕೇಂದ್ರ ಮಾಡಿದ 2015ರ ನಿಯಮ. ಅಕ್ಕಿ ಇಲ್ಲ, ದುಡ್ಡಿಲ್ಲ, ಗ್ಯಾಸ್ ಇಲ್ಲ, ಅಡುಗೆಯವ್ರು ಬಂದಿಲ್ಲ, ಯಾವ ಕಾರಣಕ್ಕೆ ಶಾಲೆ ದಿನ ಊಟ ತಪ್ಪಿದ್ರೂ ಆ ದಿನದ ಧಾನ್ಯ ಮತ್ತೆ ಅಡುಗೆ ಖರ್ಚು ಎರಡನ್ನೂ ರಾಜ್ಯ ಸರ್ಕಾರ ಮಗುವಿಗೆ ಮುಂದಿನ ತಿಂಗಳು 15ರ ಒಳಗೆ ಕೊಡ್ಬೇಕು. ಸತತ 3 ದಿನ ತಪ್ಪಿದ್ರೆ ಇಲ್ಲಾ ತಿಂಗಳಲ್ಲಿ 5 ದಿನ ತಪ್ಪಿದ್ರೆ ಯಾರಿಂದ ತಪ್ಪಿತು ಅಂತ ಸರ್ಕಾರ ಜವಾಬ್ದಾರಿ ಫಿಕ್ಸ್ ಮಾಡ್ಬೇಕು. ಬಿಸಿಯೂಟದ ದುಡ್ಡು ಖಾಲಿ ಆಗಿದ್ರೆ ಶಾಲೆಲಿರೋ ಬೇರೆ ದುಡ್ಡು ಬಳಸಿ ಆಮೇಲೆ ವಾಪಸ್ ತುಂಬಿಸ್ಕೊಳ್ಬಹುದು ಅಂತಾನೂ ಇದೆ. ಇದ್ರ ಜೆರಾಕ್ಸು ತೆಗೆದು ಫೈಲಲ್ಲಿ ಇಟ್ಕೊಂಡೆ. ಜಗಳ ಮಾಡೋಕಲ್ಲ, ಕಾಗದ ಕೈಲಿದ್ರೆ ಮಾತಿನ ದನಿನೇ ಬೇರೆ ಆಗ್ತದೆ, ಎದುರಿನವ್ರದ್ದೂ, ನಮ್ಮದೂ.

ಆಮೇಲೆ ಲೆಕ್ಕ. ಐದನೇ ಕ್ಲಾಸು ತನಕ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಮೇಲೆ 150, 30, 75, ಏಳೂವರೆ. ನಮ್ಮಲ್ಲಿ ಚಿಕ್ಕವ್ರು 30, ದೊಡ್ಡವ್ರು 12, ಅಂದ್ರೆ ಎಲ್ಲಾ ಬಂದ ದಿನ 4 ಕೆಜಿ 800 ಗ್ರಾಂ ಅಕ್ಕಿ, ಒಂದು ಕೆಜಿಗೆ ಸ್ವಲ್ಪ ಕಮ್ಮಿ ಬೇಳೆ, 2 ಕೆಜಿ 400 ತರಕಾರಿ. ಇದನ್ನ ಅಡುಗೆ ಕೋಣೆ ಬಾಗಿಲಿನ ಒಳಗಡೆ ಸೀಮೆಸುಣ್ಣದಲ್ಲಿ ಬರೆಸಿದ್ವಿ. ಒಂದು ಮೂಟೆ ಅಂದ್ರೆ ಸುಮಾರು ಹತ್ತು ದಿನ ಅಂತ ಈಗ ಕಮಿಟಿಲಿ ಎಲ್ರಿಗೂ ಬಾಯಿಪಾಠ, ಮೂಟೆ ಎಣಿಸಿದ್ರೆ ಯಾವ ವಾರ ಖಾಲಿ ಆಗ್ತದೆ ಅಂತ ಗೊತ್ತಾಗ್ತದೆ. ಈ ಒಂದು ಕೆಲಸಕ್ಕೆ ಆಫೀಸು ಬೇಡ, ಮೇಷ್ಟ್ರೂ ಬೇಡ.

ಮಲೆನಾಡಲ್ಲಿ ಅಕ್ಕಿ ತರಿಸೋದು ಒಂದು ಕಷ್ಟ, ಇಟ್ಕೊಳ್ಳೋದು ಇನ್ನೊಂದು. ಜೂನಿಂದ ಆಗಸ್ಟ್ ತನಕ ಗೋಡೆಲೂ ನೀರು ಒಸರ್ತದೆ, ನೆಲಕ್ಕಿಟ್ಟ ಮೂಟೆ ಅಡಿಯಿಂದ ಮುಗ್ಗಲು ಹಿಡಿತದೆ. ನಾವು ಅಡಿಕೆ ದಬ್ಬೆಲಿ ಒಂದು ಅಟ್ಟಣಿಗೆ ಮಾಡಿ ಗೋಡೆಯಿಂದ ಒಂದು ಗೇಣು ಬಿಟ್ಟು ಮೂಟೆ ಜೋಡಿಸಿದ್ವಿ, ಮಧ್ಯೆ ಮಧ್ಯೆ ಒಣಗಿದ ಲಕ್ಕಿ ಸೊಪ್ಪು. ಬೇಳೆ, ಹಾಲಿನ ಪುಡಿ ಪ್ಲಾಸ್ಟಿಕ್ ಡ್ರಮ್ಮಲ್ಲಿ. ಹಾಲಿನ ಪುಡಿ ಒಂದ್ಸಲ ತೇವ ಹೀರಿದ್ರೆ ಮುಗೀತು, ಕಲ್ಲು ಥರ ಗಂಟಾಗಿ ಎಷ್ಟು ಕಲಸಿದ್ರೂ ಲೋಟದ ತಳದಲ್ಲಿ ಕೂರ್ತದೆ. ಮಗುವಿಗೆ 18 ಗ್ರಾಂ ಪುಡಿಲಿ 150 ಎಂಎಲ್ ಹಾಲು ಅಂತ ಲೆಕ್ಕ, ಗಂಟು ಗಂಟಾದ್ರೆ ಮಕ್ಕಳು ಕುಡಿಯಲ್ಲ, ಹಿಂದಿನ ಮೋರಿಗೆ ಸುರಿತವೆ.

ಇಷ್ಟಾದ್ರೂ ಒಂದು ವರ್ಷ ಪುನರ್ವಸು ಮಳೆಲಿ ಸಿಕ್ಕಾಕೊಂಡ್ವಿ. ಧರೆ ಕುಸಿದು ರೋಡು ಬಂದ್, ಅಕ್ಕಿ ಲಾರಿ ಆ ಕಡೆನೇ ನಿಂತು ವಾಪಸ್ ಹೋಯ್ತು. ಮೇಷ್ಟ್ರು ಸಂಜೆ ಫೋನ್ ಮಾಡಿ "ನಾಳೆಗೆ ಆಗ್ತದೆ, ನಾಡಿದ್ದಿಗೆ ಇಲ್ಲ ಕಣಮ್ಮ, ಎಂತ ಮಾಡದು" ಅಂದ್ರು. "ಲೆಟರ್ ಬರೀರಿ ಮೇಷ್ಟ್ರೇ, ನಾನೂ ಸೈನ್ ಹಾಕ್ತೀನಿ" ಅಂದೆ. ಎಷ್ಟು ಮಕ್ಕಳು, ಎಷ್ಟು ಅಕ್ಕಿ ಉಳಿದಿದೆ, ಯಾವತ್ತಿಂದ ಊಟ ನಿಲ್ತದೆ, 2015ರ ನಿಯಮದ ಪ್ರಕಾರ ಎಂತ ಆಗ್ಬೇಕು, ಅಷ್ಟೇ, ಅರ್ಧ ಪೇಜು. ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸಿದ್ದಲ್ದೆ ಮಾರನೇ ದಿನ ನಮ್ಮನೆಯವ್ರ ಬೈಕಲ್ಲಿ ಬಳಸು ದಾರಿಲಿ ಅಕ್ಷರ ದಾಸೋಹ ಆಫೀಸಿಗೇ ಹೋಗಿ ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲು ಹಾಕಿಸ್ಕೊಂಡೆ. ಅಲ್ಲೊಬ್ರು "ಅದು ಎಚ್ಎಂ ಜವಾಬ್ದಾರಿ ಅಮ್ಮ, ಅಡ್ಜಸ್ಟ್ ಮಾಡ್ಕೊಳ್ಳಕ್ಕೆ ಹೇಳಿ" ಅಂದ್ರು. "ಎಲ್ಲಿಂದ ಅಡ್ಜಸ್ಟ್ ಮಾಡ್ಬೇಕು ಅಂತ ಇದ್ರ ಕೆಳಗೆ ಒಂದು ಲೈನ್ ಬರೆದು ಕೊಡಿ ಸಾರ್" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಅವ್ರೇ ಫೋನ್ ಹಾಕಿ ಕುಸಿದ ಜಾಗದಿಂದ ಈಚೆಗಿರೋ ಒಂದು ಶಾಲೆಲಿ ಸ್ಟಾಕ್ ಜಾಸ್ತಿ ಇದೆ ಅಂತ ಹುಡುಕಿ ಒಂದು ಮೂಟೆ ಕಡ ಕೊಡೋಕೆ ಬರೆದು ಕೊಟ್ರು. ಮನುಷ್ಯ ಕೆಟ್ಟವ್ರೇನಲ್ಲ, ಬಾಯಲ್ಲಿ ಹೇಳಿದ್ರೆ ಬಾಯಲ್ಲೇ ಉತ್ತರ ಬರ್ತದೆ, ಅಷ್ಟೇ. ಮೂಟೆ ತಂದಿದ್ದು ಊರಿನವ್ರ ಪಿಕಪ್ಪಲ್ಲಿ. ಲಾರಿ ಬಂದ್ಮೇಲೆ ಮೂಟೆ ವಾಪಸ್ ಕೊಟ್ಟು ಎರಡೂ ಶಾಲೆ ಸ್ಟಾಕ್ ಬುಕ್ಕಲ್ಲಿ ಬರೆಸಿದ್ವಿ, ಇಲ್ದಿದ್ರೆ ಆಡಿಟಲ್ಲಿ ಮೇಷ್ಟ್ರ ಕುತ್ತಿಗೆಗೆ ಬರ್ತಿತ್ತು.

ಅದೇ ಹೊತ್ತಲ್ಲಿ ಊರಿನ ದೊಡ್ಡ ತೋಟದವ್ರು ಒಬ್ರು ತಿಂಗಳಿಗಾಗೋ ಅಷ್ಟು ಅಕ್ಕಿ ನಾನೇ ಕೊಡ್ತೀನಿ ಅಂದಿದ್ರು. ಅವ್ರ ಮನಸ್ಸು ದೊಡ್ಡದು, ಆದ್ರೆ ನಾನು ಬೇಡ ಅಂದೆ, ಕೆಲವರಿಗೆ ಸಿಟ್ಟೂ ಬಂತು. ಆ ಅಕ್ಕಿ ತಗೊಂಡಿದ್ರೆ ಕಾಗದದಲ್ಲಿ ಊಟ ತಪ್ಪೇ ಇಲ್ಲ ಅಂತಾಗ್ತಿತ್ತು, ಮುಂದಿನ ಮಳೆಗಾಲಕ್ಕೂ ಲಾರಿ ತಡ ಆದ್ರೆ "ಹೆಂಗೂ ನಿಮ್ಮೂರಲ್ಲಿ ಕೊಡೋರಿದಾರಲ್ಲ" ಅಂತಿದ್ರು. ದಾನ ಬೇಡ ಅಂತಲ್ಲ. ಹುಟ್ಟಿದಬ್ಬಕ್ಕೆ ಪಾಯಸ ಮಾಡ್ಸಿ, ದೀಪಾವಳಿಗೆ ಹೋಳಿಗೆ ಕೊಡಿ, ತಟ್ಟೆ ಲೋಟ ಕೊಡ್ಸಿ, ತೆಂಗಿನಕಾಯಂತೂ ಎಷ್ಟು ಕೊಟ್ರೂ ಬೇಕು, ಯಾಕಂದ್ರೆ ಕಾಯಿ ಹಾಕದ ಸಾರನ್ನ ನಮ್ಮ ಮಕ್ಕಳು ಅನ್ನಕ್ಕೆ ಮುಟ್ಟಿಸ್ಕೊಳ್ಳಲ್ಲ. ಸರ್ಕಾರ ಕೊಡ್ಲೇಬೇಕಾದ ಜಾಗದಲ್ಲಿ ಮಾತ್ರ ನಾವು ಹೋಗಿ ನಿಲ್ಲಬಾರ್ದು.

ತರಕಾರಿ ಮನೆಗಳಿಂದಾನೂ ಬರ್ತದೆ. ಮಳೆಗಾಲದಲ್ಲಿ ಹೀರೆ, ಬಸಳೆ, ಆಮೇಲೆ ಮೊಗೆಕಾಯಿ, ಬಾಳೆದಿಂಡು. ಯಾರು ಕೊಟ್ರು ಎಷ್ಟು ಕೊಟ್ರು ಅಂತ ಬುಕ್ಕಲ್ಲಿ ಬರೀತೀವಿ, ಅದ್ರಿಂದ ಉಳಿದ ದುಡ್ಡಲ್ಲಿ ಸಂತೆಯಿಂದ ಕ್ಯಾರೆಟ್ಟು ಬೀನ್ಸು ಬರ್ತದೆ. ಮೊಟ್ಟೆದೇ ತಲೆನೋವು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ 6 ದಿನ ಆಯ್ತು, ಸಂತೋಷನೇ, ಆದ್ರೆ ಗುಡ್ಡದ ರಸ್ತೆಲಿ ಟ್ರೇ ತರೋವಷ್ಟರಲ್ಲಿ ಒಡೆದ ಮೊಟ್ಟೆಗೆ ಯಾರು ದುಡ್ಡು ಕೊಡ್ತಾರೆ? ಈಗ ಸೊಸೈಟಿ ಹತ್ರದ ಅಂಗಡಿಯವ್ರಿಗೇ ಹೇಳಿದೀವಿ, ಶಾಲೆ ಬಾಗಿಲಲ್ಲಿ ಎಣಿಸಿ ಕೊಟ್ಟಿದ್ದಕ್ಕೆ ಮಾತ್ರ ಬಿಲ್ಲು. ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಗ್ಯಾಸಿನ ಕಥೆ ಹೇಳ್ಲೇಬೇಕು. ಬುಕ್ ಮಾಡಿದ್ರೂ ಸಿಲಿಂಡರ್ ಬರ್ತಾ ಇರ್ಲಿಲ್ಲ, ಯಾಕೆ ಅಂತ ನೋಡಿದ್ರೆ ಕನೆಕ್ಷನ್ನಿಗೆ ಕೊಟ್ಟಿದ್ದ ನಂಬರು ಎಂದೋ ಟ್ರಾನ್ಸ್‌ಫರ್ ಆಗಿ ಹೋದ ಹಳೇ ಮೇಷ್ಟ್ರದ್ದು. ಒಟಿಪಿ ಅವ್ರ ಮೊಬೈಲಿಗೆ ಹೋಗ್ತದೆ, ಅವ್ರು ಅಲ್ಲಿ ಪಾಠ ಮಾಡ್ತಾ ಇರ್ತಾರೆ, ಇಲ್ಲಿ ಗ್ಯಾಸಿನವ್ನು ಗಾಡಿ ಸ್ಟಾರ್ಟ್ ಮಾಡ್ಕೊಂಡೇ ನಿಂತಿರ್ತಾನೆ, ನಂಬರ್ ಹೇಳಿ ಇಲ್ಲಾಂದ್ರೆ ಹೊರಟೆ ಅಂತಾನೆ, ನಮ್ಮಲ್ಲಿ ನೆಟ್‌ವರ್ಕ್ ಸಿಗ್ಬೇಕಂದ್ರೆ ಧ್ವಜದ ಕಟ್ಟೆ ಹತ್ತಿ ನಿಲ್ಬೇಕು. ಈಗ ಹೆಡ್ ಮೇಷ್ಟ್ರು ಬದಲಾದ ವಾರವೇ ಗ್ಯಾಸ್ ನಂಬರು, ಬ್ಯಾಂಕ್ ಖಾತೆ ಸಹಿ, ದಿನದ ಊಟದ ಲೆಕ್ಕ ಕಳಿಸೋ ನಂಬರು ಎಲ್ಲಾ ಬದ್ಲಾಯಿಸೋದು ಕಮಿಟಿ ಕೆಲಸ ಅಂತ ನಡಾವಳಿಲಿ ಬರೆಸಿದೀವಿ.

ಅಡುಗೆಯವ್ರ ವಿಚಾರಕ್ಕೆ ಬಂದ್ರೆ ನನಗೆ ಬೇಜಾರೇ. ಅವ್ರಿಗೆ ಸಂಬಳ ಅಂತ ಹೇಳಲ್ಲ, ಗೌರವಧನ. ಕೇಂದ್ರದ ಲೆಕ್ಕ ಇವತ್ತಿಗೂ ತಿಂಗಳಿಗೆ 1000 ರೂಪಾಯಿ, ಅದೂ ವರ್ಷದಲ್ಲಿ ಹತ್ತೇ ತಿಂಗಳು, ಮೇಲಿಂದು ರಾಜ್ಯ ಸೇರಿಸಿ ಕೊಡ್ತದೆ, ಸೇರಿಸಿದ್ರೂ ಸಾಲಲ್ಲ. ಅಡಿಕೆ ಕೊಯ್ಲಲ್ಲಿ ಸುಲಿಯೋಕೆ ಕೂತ್ರೆ ಅದೇ ದುಡ್ಡು ಸುಮಾರು ಒಂದು ವಾರದಲ್ಲಿ ಆಗ್ತದೆ. ಹಂಗಾಗಿ ಕೊಯ್ಲು ಹೊತ್ತಲ್ಲಿ ಒಬ್ರು ಬರದೇ ಇದ್ರೆ ಬೈಯೋಕೆ ನಂಗೆ ಬಾಯಿ ಬರಲ್ಲ. ನಮ್ಮ ಮುಖ್ಯ ಅಡುಗೆ ಅಕ್ಕನ ಹತ್ರ ಕೂತು ಮಾತಾಡಿ, ಯಾವ ದಿನ ಬರಕ್ಕಾಗಲ್ಲ ಅಂತ ಹಿಂದಿನ ಸಂಜೆನೇ ಹೇಳಿ, ಬೇರೆ ಇಬ್ರು ಅಮ್ಮಂದ್ರ ಹೆಸರು ಬರೆದಿಟ್ಟಿದೀವಿ, ಅವ್ರಲ್ಲಿ ಒಬ್ರು ಬರ್ತಾರೆ, ಆ ದಿನದ ಕೂಲಿ ಕಮಿಟಿ ನೋಡ್ಕೊಳ್ತದೆ ಅಂತ ಮಾಡ್ಕೊಂಡ್ವಿ. ಆ ಇಬ್ರಿಗೂ ಆರೋಗ್ಯ ಕೇಂದ್ರದಲ್ಲಿ ಚೆಕಪ್ ಮಾಡ್ಸಿದ್ವಿ. ಒಂದು ಮಾತು ಮಾತ್ರ ಖಡಾಖಂಡಿತ: ಟೀಚರ್ ಪಾಠ ಬಿಟ್ಟು ಒಲೆ ಮುಂದೆ ಹೋಗಬಾರ್ದು, ಏಳನೇ ಕ್ಲಾಸಿನ ಹೆಣ್ಮಕ್ಕಳನ್ನ ತರಕಾರಿ ಹೆಚ್ಚೋಕೆ ಕರೀಬಾರ್ದು.

ರುಚಿ ನೋಡೋ ಪುಸ್ತಕ ಅಂತ ಒಂದಿದೆ. ಮಕ್ಕಳಿಗೆ ಬಡಿಸೋ ಅರ್ಧ ಗಂಟೆ ಮುಂಚೆ ಟೀಚರು, ಪೋಷಕರು ತಿಂದು ನೋಡಿ ಬರೀಬೇಕು. ಹೆಚ್ಚಿನ ಕಡೆ ತಿಂಗಳು ಪೂರ್ತಿ ಒಂದೇ ಪೆನ್ನಲ್ಲಿ "ಚೆನ್ನಾಗಿದೆ" ಅಂತ ಇರ್ತದೆ. 2013ರ ಜುಲೈಲಿ ಬಿಹಾರದ ಛಪ್ರಾ ಕಡೆ ಎಣ್ಣೆಲಿ ಕೀಟನಾಶಕ ಸೇರಿ 23 ಮಕ್ಕಳು ಸತ್ತಿದ್ದು ನೆನಪಿದ್ದೋರಿಗೆ ಈ ಪುಸ್ತಕ ಯಾಕೆ ಅಂತ ಹೇಳ್ಬೇಕಾಗಿಲ್ಲ. ಅದೂ ನಮ್ಮದು ತೋಟದೂರು, ಅಡಿಕೆಗೆ ಹೊಡೆಯೋ ಮೈಲುತುತ್ತದ ಡಬ್ಬ ಇಲ್ಲದ ಮನೆ ಇಲ್ಲ, ತೊಳೆದ ಹಳೇ ಕ್ಯಾನಲ್ಲಿ ಎಣ್ಣೆನೋ ನೀರೋ ತರೋದು ನಮ್ಮೋರಿಗೆ ದೊಡ್ಡ ವಿಷಯನೇ ಅಲ್ಲ. ಅಡುಗೆ ಕೋಣೆಗೆ ಹೊರಗಿನ ಕ್ಯಾನು ಬರೋಹಂಗಿಲ್ಲ ಅಂತ ಬೋರ್ಡೇ ಹಾಕಿದೀವಿ. ಈಗ ಅಮ್ಮಂದ್ರು ಪಾಳಿಲಿ ಬಂದು ತಿಂದು, ಇದ್ದದ್ದು ಇದ್ದಂಗೆ ಬರೀತಾರೆ. ಬೇಳೆ ಬೆಂದಿಲ್ಲ, ಉಪ್ಪು ಜಾಸ್ತಿ, ಅಕ್ಕಿಲಿ ಹುಳ ಇತ್ತು ಆರಿಸಿದ್ವಿ. ಅಡುಗೆ ಅಕ್ಕಂಗೆ ಮೊದಮೊದ್ಲು ಮುಖ ಸಣ್ಣ ಆಯ್ತು. ಆಮೇಲೆ ಅಕ್ಕಿ ಹುಳದ ಸಾಲು ತೋರಿಸಿ ಮೂಟೆ ಬದ್ಲಾಯಿಸಿ ಕೊಡಿ ಅಂತ ಕೇಳಿದಾಗ ಅದೇ ಪುಸ್ತಕ ಅವ್ಳ ಪರವಾಗಿ ನಿಂತ್ಕೊಂಡ್ತು.

ಈಗಿನ ಚಿಂತೆ ಬೇರೆ. 25 ಮಕ್ಕಳ ತನಕ ಒಬ್ರೇ ಅಡುಗೆಯವ್ರು, 26ರಿಂದ 100ರ ತನಕ ಇಬ್ರು ಅಂತ ನಿಯಮ. ನಮ್ಮಲ್ಲಿ ವರ್ಷಾ ವರ್ಷಾ ಮಕ್ಕಳು ಇಳೀತಿದಾರೆ, ಕಾನ್ವೆಂಟ್ ವ್ಯಾನು ಈಗ ಗೇಟ್ ತನಕ ಬರ್ತದೆ. 25ಕ್ಕೆ ಇಳಿದ್ರೆ ಒಬ್ಬಳೇ ಹೆಂಗಸು ನೀರು ಹೊತ್ತು, ಹಾಲು ಕಾಯಿಸಿ, ಅನ್ನ ಸಾರು ಮಾಡಿ, ಮೊಟ್ಟೆ ಸುಲಿದು, ಪಾತ್ರೆ ತೊಳೀಬೇಕು, ಅವ್ಳು ಒಂದು ದಿನ ಜ್ವರ ಅಂತ ಮಲಗಿದ್ರೆ ಒಲೆ ಹತ್ತಲ್ಲ. ಗುಡ್ಡದ ಶಾಲೆಗಳಿಗೆ ಇಬ್ರನ್ನ ಉಳಿಸಿ ಅಂತ ಗ್ರಾಮಸಭೆಲಿ ಠರಾವು ಮಾಡ್ಸಿ ತಾಲ್ಲೂಕು ಪಂಚಾಯ್ತಿಗೆ ಕಳಿಸಿದೀವಿ, ಸೀಲು ಹಾಕಿದ ಕಾಪಿ ಫೈಲಲ್ಲಿದೆ, ಉತ್ತರ ಇನ್ನೂ ಬಂದಿಲ್ಲ. ನಿಮ್ಮೂರಿನ ಶಾಲೆಲೂ ಇದೇ ಪರಿಸ್ಥಿತಿ ಇದ್ರೆ ನೀವೂ ಒಂದು ಠರಾವು ಮಾಡ್ಸಿ ಕಳಿಸಿ, ಒಂದೇ ಊರಿನ ಕಾಗದಕ್ಕಿಂತ ನಾಕು ಊರಿಂದು ಒಟ್ಟಿಗೆ ಹೋದ್ರೆ ಅದನ್ನ ಟೇಬಲ್ ಮೇಲೆ ಇಟ್ಟು ನೋಡ್ಲೇಬೇಕಾಗ್ತದೆ.