ಜಾಝ್ ಪಿಯಾನೋ ಎಲ್ಲಿಂದ ಶುರು ಮಾಡಬೇಕು?

ಹೊಸದಾಗಿ ಜಾಝ್ ಪಿಯಾನೋ ಕೇಳಬೇಕು ಎನ್ನುವವರು ಹೆದರಬೇಡಿ. ಒಂದೇ ರಾಗವನ್ನು ಒಂದು ತಾಸು ಬೆಳೆಸುವುದನ್ನು ಕೇಳಿ ಬೆಳೆದ ಧಾರವಾಡದ ಕಿವಿ ನಮ್ಮದು, ಅಲ್ವಾ? ಇಲ್ಲೂ ಮೊದಲು ಹಾಡಿನ ಧಾಟಿ ನುಡಿಸುತ್ತಾರೆ, ಆಮೇಲೆ ಅದನ್ನು ಬೆಳೆಸುತ್ತಾ ಹೋಗುತ್ತಾರೆ.

ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ 'ವಾಲ್ಟ್ಸ್ ಫಾರ್ ಡೆಬಿ' ಆಲ್ಬಮ್ಮಿನಿಂದ ಶುರು ಮಾಡಿ. 1961ರ ಜೂನ್ 25ರಂದು ನ್ಯೂಯಾರ್ಕ್‌ನ ಒಂದು ಕ್ಲಬ್‌ನಲ್ಲಿ ಜನರ ಮುಂದೆ ನುಡಿಸಿದ್ದು. ಗ್ಲಾಸಿನ ಸದ್ದು, ಪಿಸುಮಾತು ಕೂಡ ಕೇಳಿಸುತ್ತದೆ. ಡ್ರಮ್ಸ್ ಮೇಲೆ ಬ್ರಷ್ ಸವರುವುದು ಅಕ್ಕಿ ಜರಡಿ ಹಿಡಿದಂತೆ ಸರಸರ ಎನ್ನುತ್ತದೆ. ಎರಡನೇ ಸಲ ಪಿಯಾನೋ ಬಿಟ್ಟು ಬೇಸ್ ಕಡೆ, ಅಂದರೆ ದಪ್ಪ ದನಿಯ ದೊಡ್ಡ ತಂತಿವಾದ್ಯದ ಕಡೆ ಕಿವಿ ಕೊಡಿ. ಅದನ್ನು ನುಡಿಸುವ ಸ್ಕಾಟ್ ಲಫಾರೋ ಸುಮ್ನೆ ತಾಳ ಹಿಡಿದು ಕೂರುವುದಿಲ್ಲ, ಪಿಯಾನೋ ಜೊತೆ ಸವಾಲ್-ಜವಾಬ್ ನಡೆಸುತ್ತಾರೆ. ಇದಾದ 11 ದಿನಕ್ಕೆ ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಬರೀ 25. ಅದು ಗೊತ್ತಾದ ಮೇಲೆ ನಾನು ಈ ಆಲ್ಬಮ್ಮನ್ನು ಬೇರೆ ಕೆಲಸ ಮಾಡುತ್ತಾ ಕೇಳಿಲ್ಲ.

ಲಯ ಇಷ್ಟಪಡುವವರಿಗೆ ಆಸ್ಕರ್ ಪೀಟರ್ಸನ್ ಅವರ 'ನೈಟ್ ಟ್ರೈನ್'. ಚಿಕ್ಕ ಚಿಕ್ಕ ತುಣುಕುಗಳು, ಬೆಳಗಿನ ಚಹಾಕ್ಕೆ ಸರಿಯಾಗುತ್ತವೆ.

ಕೀತ್ ಜ್ಯಾರೆಟ್ ಅವರ 'ದಿ ಕಲೋನ್ ಕಾನ್ಸರ್ಟ್' ಕಡೆಗೆ ಇಟ್ಟುಕೊಳ್ಳಿ. 1975ರಲ್ಲಿ ಒಬ್ಬರೇ ಕೂತು, ಮೊದಲೇ ಏನೂ ಬರೆದುಕೊಳ್ಳದೆ ಒಂದು ತಾಸಿಗಿಂತ ಜಾಸ್ತಿ ನುಡಿಸಿದರು. ಅವತ್ತು ಸಿಕ್ಕ ಪಿಯಾನೋ ಚೆನ್ನಾಗಿರಲಿಲ್ಲ. ಹಾಗಾಗಿ ನಡುವಿನ ಸ್ವರಗಳಲ್ಲೇ ಜಾಸ್ತಿ ಓಡಾಡಿದ್ದಾರೆ. ಮೊದಲ ಭಾಗವೇ 26 ನಿಮಿಷ, ನಡುವೆ ನಿಲ್ಲಿಸಬೇಡಿ.

ಮೊಬೈಲ್ ಸ್ಪೀಕರ್ ಮಾತ್ರ ಬೇಡ, ಬೇಸ್ ಕೇಳಿಸುವುದೇ ಇಲ್ಲ. ಸಾದಾ ಇಯರ್‌ಫೋನ್ ಇದ್ದರೂ ಸಾಕು.