ಆರ್ಕಿಡ್ ಸೊರಗಿದರೆ ಮೊದಲು ಬೇರು ನೋಡಿ

ಮನೆಯಲ್ಲಿ ಆರ್ಕಿಡ್ ಬೆಳೆಸುವವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಎಲೆಯನ್ನು ಕುರಿತವು. ಎಲೆ ಸುಕ್ಕುಗಟ್ಟಿದೆ, ಹಳದಿ ತಿರುಗಿದೆ, ಕಪ್ಪು ಚುಕ್ಕೆ ಬಿದ್ದಿದೆ, ವರ್ಷ ಕಳೆದರೂ ಎರಡೇ ಎಲೆ ಮೂಡಿವೆ. ಇಂಥ ತೊಂದರೆಗಳಲ್ಲಿ ಬಹುಪಾಲಿನ ಮೂಲ ಕುಂಡದೊಳಗಿನ ಬೇರಿನಲ್ಲಿರುತ್ತದೆ. ಆದ್ದರಿಂದ ಗೊಬ್ಬರದ ಡಬ್ಬಿಗೋ ಔಷಧದ ಬಾಟಲಿಗೋ ಕೈಹಾಕುವ ಮೊದಲು ಬೇರನ್ನು ನೋಡುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವ ಫಲನಾಪ್ಸಿಸ್, ಡೆಂಡ್ರೋಬಿಯಂ, ವಾಂಡಾ, ಆನ್ಸಿಡಿಯಂ ಇವೆಲ್ಲ ಬಹುಮಟ್ಟಿಗೆ ಮರದ ಮೇಲೆ ಬೆಳೆಯುವ ಸಸ್ಯಗಳ ಸಂತತಿ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಹೊತ್ತಿಗೆ ಮರದ ಕೊಂಬೆಯಿಂದ ಗೊಂಚಲಾಗಿ ಇಳಿಬೀಳುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಇದು ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ತೊಗಟೆಯನ್ನು ಹಿಡಿದು ನಿಲ್ಲುತ್ತದೆ ಅಷ್ಟೆ. ಬೇರಿನ ಸುತ್ತ ಇರುವ ಬಿಳಿಯ ಮೆತ್ತನೆಯ ಹೊದಿಕೆ ಮಳೆ ಬಿದ್ದಾಗ ನೀರನ್ನು ಹೀರಿಕೊಂಡು, ಮಳೆ ನಿಂತ ಕೆಲವು ಗಂಟೆಗಳಲ್ಲಿ ಗಾಳಿಗೆ ಆರಿಬಿಡುತ್ತದೆ. ನೆನೆಯುವುದು, ಆರುವುದು ಎಂಬ ಈ ಸರದಿಯನ್ನು ಕುಂಡದಲ್ಲಿಯೂ ನಡೆಸಿಕೊಟ್ಟರೆ ಆರ್ಕಿಡ್ ಸಾಕಣೆಯ ಮುಕ್ಕಾಲು ಪಾಲು ಮುಗಿದಂತೆ. (ಕಾಡಿನ ಸೀತಾಳೆಯನ್ನು ಕಿತ್ತು ತಂದು ಮನೆಯಲ್ಲಿ ಕಟ್ಟುವುದು ಕಾಡಿಗೂ ನಷ್ಟ, ಗಿಡಕ್ಕೂ ನಷ್ಟ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಗಿಡಗಳೇ ಬೇಕಾದಷ್ಟು ಸಿಗುತ್ತವೆ.)

ಊರಿಗೆ ತಕ್ಕ ಗಿಡ, ಬೇರಿಗೆ ತಕ್ಕ ಕುಂಡ

ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆಗೆ ಫಲನಾಪ್ಸಿಸ್ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಇದು ಹೂದಂಟು ಬಿಡಬೇಕಾದರೆ ಕೆಲವು ವಾರ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು, ನವೆಂಬರ್‌ನಿಂದ ಜನವರಿಯವರೆಗಿನ ಚಳಿ ಅದನ್ನು ತಾನಾಗಿಯೇ ಒದಗಿಸುತ್ತದೆ. ಮಂಗಳೂರು, ಉಡುಪಿಯ ಕಡೆ ಇದೇ ಗಿಡ ಎಲೆ ತುಂಬಿಕೊಂಡು ದಷ್ಟಪುಷ್ಟವಾಗಿದ್ದರೂ ಹೂ ಬಿಡಲು ಹಿಂದೇಟು ಹಾಕುವುದುಂಟು. ಅದು ರೋಗವಲ್ಲವಾದ್ದರಿಂದ ಅದಕ್ಕಾಗಿ ಗೊಬ್ಬರ ಸುರಿಯಬಾರದು. ಕರಾವಳಿಯ ಸೆಕೆಗೂ ತೇವದ ಗಾಳಿಗೂ ಡೆಂಡ್ರೋಬಿಯಂ ಮತ್ತು ವಾಂಡಾ ಹೇಳಿಮಾಡಿಸಿದ ಜಾತಿಗಳು. ಸಿಂಬಿಡಿಯಂನ ದೊಡ್ಡ ಹೂವಿನ ತಳಿಗಳು ತಂಪು ರಾತ್ರಿಗಳನ್ನು ಬೇಡುತ್ತವೆ. ಕೊಡಗಿನಂಥ ಎತ್ತರದ ಜಾಗದವರನ್ನು ಬಿಟ್ಟು ಉಳಿದವರು ಅದರ ಗೊಡವೆಗೆ ಹೋಗದಿರುವುದೇ ಲೇಸು.

ಕುಂಡಕ್ಕೆ ಮಣ್ಣು ಹಾಕಬಾರದು, ತೆಂಗಿನ ನಾರಿನ ಪುಡಿಯಾದ ಕೋಕೋಪೀಟನ್ನೂ ಹಾಕಬಾರದು. ಹೆಬ್ಬೆರಳಿನ ತುದಿಯಷ್ಟು ದೊಡ್ಡದಾಗಿ ಕತ್ತರಿಸಿದ ತೆಂಗಿನಕಾಯಿ ಸಿಪ್ಪೆಯ ತುಂಡು, ಇದ್ದಿಲು, ಹಳೆಯ ಹೆಂಚಿನ ಚೂರು ಇಷ್ಟಿದ್ದರೆ ಸಾಕು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುವುದರಿಂದ ಅದನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ಕಂದುನೀರನ್ನು ದಿನವೂ ಚೆಲ್ಲಿ, ತೊಳೆದು ಬಳಸಬೇಕು. ಮಳೆ ಹೆಚ್ಚಿರುವ ಕಡೆ ಸಿಪ್ಪೆಯನ್ನು ಕಡಿಮೆ ಮಾಡಿ ಇದ್ದಿಲನ್ನು ಹೆಚ್ಚಿಸಬೇಕು, ಬಯಲುಸೀಮೆಯಲ್ಲಿ ಅದಕ್ಕೆ ವಿರುದ್ಧ. ಕುಂಡದ ಅಳತೆಯನ್ನು ಎಲೆ ನೋಡಿ ನಿರ್ಧರಿಸದೆ ಬೇರು ನೋಡಿ ನಿರ್ಧರಿಸಬೇಕು. ದೊಡ್ಡ ಕುಂಡದ ನಡುಭಾಗ ಒಣಗುವುದೇ ಇಲ್ಲ.

ಬೆಳಕಿಗೆ ಒಂದು ಸುಲಭ ಪರೀಕ್ಷೆ ಇದೆ. ನಡು ಹಗಲಿನಲ್ಲಿ ಎಲೆಯಿಂದ ಒಂದು ಅಡಿ ಮೇಲೆ ಕೈ ಹಿಡಿದಾಗ ಅಂಚು ಮಸುಕಾದ ನೆರಳು ಬಿದ್ದರೆ ಫಲನಾಪ್ಸಿಸ್‌ಗೆ ಆ ಜಾಗ ಸರಿ. ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಅಲ್ಲಿ ಡೆಂಡ್ರೋಬಿಯಂ, ವಾಂಡಾಗಳನ್ನಿಡಬಹುದು. ನೆರಳೇ ಕಾಣಿಸದ ಹಾಲ್‌ನ ಮೂಲೆಯಲ್ಲಿ ಯಾವ ಆರ್ಕಿಡ್ಡೂ ಹೆಚ್ಚು ಕಾಲ ಬಾಳದು. ನೀರು ಹಾಕುವ ಹೊತ್ತನ್ನು ಬೇರಿನ ಬಣ್ಣವೇ ತಿಳಿಸುತ್ತದೆ: ಹಸಿರಾಗಿದ್ದರೆ ತೇವವಿದೆ, ಬೆಳ್ಳಿಯ ಬಣ್ಣಕ್ಕೆ ತಿರುಗಿದ್ದರೆ ಆರಿದೆ. ಬೆಳಗಿನ ಹೊತ್ತು ಕುಂಡದ ತಳದಿಂದ ಹರಿದುಹೋಗುವಷ್ಟು ಧಾರಾಳವಾಗಿ ನೀರು ಕೊಟ್ಟು, ಮತ್ತೆ ಆರುವವರೆಗೆ ಸುಮ್ಮನಿರಬೇಕು. ದಿನಕ್ಕೊಂದು ಲೋಟದಂತೆ ಲೆಕ್ಕ ಹಾಕಿ ಸುರಿಯುವುದು ಸರಿಯಲ್ಲ.

ಬೆಳವಣಿಗೆ ನಿಧಾನವಾದರೆ

ನಿಧಾನ ಎಂದು ದೂರುವ ಮೊದಲು ಆ ಗಿಡದ ಸಹಜ ವೇಗ ಎಷ್ಟೆಂದು ತಿಳಿದಿರಬೇಕು. ಬೆಳೆದ ಫಲನಾಪ್ಸಿಸ್ ವರ್ಷಕ್ಕೆ ಎರಡು ಮೂರು ಎಲೆ ಬಿಟ್ಟರೆ ಅದು ಆರೋಗ್ಯವಾಗಿದೆ ಎಂದೇ ಅರ್ಥ. ಎಣಿಕೆಗಿಂತ ಅಳತೆಯೇ ಮುಖ್ಯ: ಪೂರ್ಣ ಬೆಳೆದ ಹೊಸ ಎಲೆ ಅದರ ಹಿಂದಿನ ಎಲೆಯಷ್ಟಾದರೂ ಉದ್ದವಿರಬೇಕು. ಡೆಂಡ್ರೋಬಿಯಂನಲ್ಲಿ ಹೊಸ ಕಾಂಡ ಹಳೆಯದಕ್ಕಿಂತ ಕುಳ್ಳಾಗಿ, ಸಣಕಲಾಗಿ ಬರುತ್ತಿದ್ದರೆ ಗಿಡ ಹಿಂದಕ್ಕೆ ಹೋಗುತ್ತಿದೆ ಎಂದು ತಿಳಿಯಬೇಕು. ಎಲೆ ಉದುರಿದ ಹಳೆಯ ಕಾಂಡಗಳು ಗಟ್ಟಿಯಾಗಿದ್ದರೆ ಅವುಗಳನ್ನು ಕತ್ತರಿಸಬಾರದು. ಹೊಸ ಕುಡಿಗೆ ನೀರೂ ಆಹಾರವೂ ಅಲ್ಲಿಂದಲೇ ಸಾಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಗಿಡಗಳನ್ನು ಕೊಲ್ಲುವ ಗೊಂದಲ ಒಂದಿದೆ. ಎಲೆ ಜೋತುಬಿದ್ದು ಸುಕ್ಕಾದ ಕೂಡಲೇ ನೀರು ಸಾಲದೆಂದು ಇನ್ನಷ್ಟು ನೀರು ಹಾಕುತ್ತಾರೆ. ಕುಂಡ ಒದ್ದೆಯಾಗಿದ್ದೂ ಎಲೆ ಸುಕ್ಕಾಗಿದ್ದರೆ ನೀರನ್ನು ಎಳೆದುಕೊಳ್ಳುವ ಬೇರೇ ಉಳಿದಿಲ್ಲ, ಹಾಕಿದ ಪ್ರತಿ ಹನಿಯೂ ಕೊಳೆಯನ್ನು ಹೆಚ್ಚಿಸುತ್ತದೆ. ಆಗ ಗಿಡವನ್ನು ಕುಂಡದಿಂದ ಹೊರತೆಗೆದು ಬೇರನ್ನು ಎರಡು ಬೆರಳಿನ ನಡುವೆ ಮೆಲ್ಲಗೆ ಒತ್ತಿ ನೋಡಬೇಕು. ಜೀವಂತ ಬೇರು ಗಟ್ಟಿಯಾಗಿರುತ್ತದೆ. ಸತ್ತ ಬೇರು ಒತ್ತಿದರೆ ಟೊಳ್ಳು, ಎಳೆದರೆ ಕಂದು ಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಕೈಯಲ್ಲಿ ಉಳಿಯುತ್ತದೆ.

ಅಂಗಡಿಯಿಂದ ತಂದ ಫಲನಾಪ್ಸಿಸ್‌ನಲ್ಲಿ ಇನ್ನೊಂದು ಜಾಗವನ್ನೂ ತಪ್ಪದೆ ಪರೀಕ್ಷಿಸಬೇಕು. ಸಸಿಯಾಗಿದ್ದಾಗ ಅದನ್ನು ನೆಟ್ಟ ಪಾಚಿಯ (ನರ್ಸರಿಗಳಲ್ಲಿ ಸಿಗುವ ಒಣ ಸ್ಫ್ಯಾಗ್ನಂ ಮಾಸ್) ಉಂಡೆ, ಕೆಲವೊಮ್ಮೆ ಸಣ್ಣ ಪ್ಲಾಸ್ಟಿಕ್ ಬುಟ್ಟಿಯ ಸಮೇತ, ಬುಡದ ನಟ್ಟನಡುವೆ ಹಾಗೆಯೇ ಉಳಿದಿರುತ್ತದೆ. ಹೊರಗಿನ ಸಿಪ್ಪೆಯೆಲ್ಲ ಒಣಗಿದರೂ ಈ ಉಂಡೆ ದಿನಗಟ್ಟಲೆ ಹಸಿಯಾಗಿರುವುದರಿಂದ ಕೊಳೆ ಅಲ್ಲಿಂದಲೇ ಆರಂಭವಾಗುತ್ತದೆ. ಹೂವು ಮುಗಿದ ಮೇಲೆ ಉಂಡೆಯನ್ನು ಚಿಮಟದಿಂದ ಬಿಡಿಸಿ, ಬುಟ್ಟಿಯನ್ನು ಕತ್ತರಿಸಿ ತೆಗೆದು, ಹೊಸ ಮಿಶ್ರಣದಲ್ಲಿ ನೆಡುವುದು ಸೂಕ್ತ. ಆಮೇಲೆ ಎರಡು ವರ್ಷಕ್ಕೊಮ್ಮೆ, ಹೊಸ ಬೇರಿನ ಹಸಿರು ತುದಿ ಕಾಣಿಸಿಕೊಂಡ ಹೊತ್ತಿನಲ್ಲಿ ಕುಂಡ ಬದಲಿಸಿದರೆ ಸಾಕು.

ಬೇರುಗಳೆಲ್ಲ ಹೋಗಿದ್ದರೂ ಬುಡವೂ ಸುಳಿಯೂ ಗಟ್ಟಿಯಾಗಿದ್ದರೆ ಗಿಡವನ್ನು ಉಳಿಸಿಕೊಳ್ಳಬಹುದು. ಸತ್ತ ಭಾಗವನ್ನು ಕತ್ತರಿಸಿ, ಗಾಯ ಒಣಗಲು ಒಂದು ದಿನ ನೆರಳಿನಲ್ಲಿಟ್ಟು, ಹಿಂಡಿದ ಪಾಚಿಯ ತೆಳುಪದರದ ಮೇಲೆ ಚಿಕ್ಕ ಕುಂಡದಲ್ಲಿ ಕೂರಿಸಿ, ಬಾಯಿ ಅರೆತೆರೆದ ಪಾರದರ್ಶಕ ಚೀಲದೊಳಗೆ ಬಿಸಿಲು ತಾಗದ ಬೆಳಕಿನಲ್ಲಿ ಇಡಬೇಕು. ಹೊಸ ಬೇರು ಮೂಡಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಗೊಬ್ಬರ ಬೇಡವೇ ಬೇಡ.

ಬೇರು ಚೆನ್ನಾಗಿದ್ದೂ ಬೆಳವಣಿಗೆ ಕುಂಠಿತವಾಗಿದ್ದರೆ ಬೆಳಕನ್ನು ನೋಡಿ. ಎಲೆ ಕಡುಹಸಿರಾಗಿ, ಉದ್ದುದ್ದವಾಗಿ ಬಾಗುತ್ತಿದ್ದರೆ ಬೆಳಕು ಸಾಲದು. ಅದಾದ ಮೇಲೆ ನೀರಿನ ಗುಣ. ಬೋರ್‌ವೆಲ್‌ನ ಗಡಸು ನೀರನ್ನೇ ಬಳಸುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿಯ ಉಪ್ಪು ಕಟ್ಟಿ, ಬೇರಿನ ತುದಿಗಳು ಸುಟ್ಟು ಕಪ್ಪಾಗುತ್ತವೆ. ಮಳೆನೀರನ್ನು ಹಿಡಿದಿಟ್ಟುಕೊಳ್ಳುವುದು ಇದಕ್ಕೆ ಅತ್ಯುತ್ತಮ ಪರಿಹಾರ. ಗೊಬ್ಬರದ ಸರದಿ ಕೊನೆಗೆ. ಸಾರಜನಕ, ರಂಜಕ, ಪೊಟ್ಯಾಷ್ ಸಮಪ್ರಮಾಣದಲ್ಲಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂ ಬೆರೆಸಿ, ಹೊಸ ಎಲೆ ಅಥವಾ ಕುಡಿ ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಕೊಡಬೇಕು. ತಿಂಗಳಿಗೊಮ್ಮೆ ಬರಿಯ ನೀರು ಹರಿಸಿ ಕುಂಡವನ್ನು ತೊಳೆಯಬೇಕು.

ರೋಗ ಮತ್ತು ಕೀಟ

ಎಲೆಯ ಮೇಲಿನ ಕಲೆಯೆಲ್ಲ ರೋಗವಲ್ಲ. ಬಿಸಿಲಿನ ಕಡೆಗಿರುವ ಎಲೆಯ ಮೇಲೆ ಮೂಡಿ, ಬಿಳಿಚಿ, ಆಮೇಲೆ ಒಣಗಿ, ಹರಡದೆ ನಿಂತ ಕಲೆ ಬಿಸಿಲಿನ ಸುಟ್ಟಗಾಯ. ಗಿಡವನ್ನು ನೆರಳಿಗೆ ಸರಿಸಿದರೆ ಅಲ್ಲಿಗೆ ಮುಗಿಯಿತು. ಕಲೆಯ ಅಂಚಿಗೆ ಪೆನ್ನಿನಿಂದ ಗೆರೆ ಹಾಕಿಟ್ಟು ಮರುದಿನ ನೋಡಿದರೆ ಹರಡುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ನೀರು ತುಂಬಿದ ಗುಳ್ಳೆಯಂತೆ ಮೆತ್ತಗಾಗಿ, ಒಂದೆರಡು ದಿನಗಳಲ್ಲಿ ಎಲೆಯನ್ನೇ ಆವರಿಸಿ, ದುರ್ವಾಸನೆ ಬೀರುವ ಕಲೆ ಬ್ಯಾಕ್ಟೀರಿಯಾದ ಕೊಳೆ. ಬುಡದಿಂದ ಅಥವಾ ಸುಳಿಯಿಂದ ನೇರಳೆಗಪ್ಪಾಗಿ ಏರುತ್ತಾ ಹೋಗುವುದು ಕಪ್ಪು ಕೊಳೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಪ್ತೊರಾ ಕುಲದ ಜೀವಿಗಳೇ ಬಹಳ ಸಲ ಇದರ ಹಿಂದೆಯೂ ಇರುತ್ತವೆ.

ಇಲ್ಲಿ ಔಷಧದ ಆಯ್ಕೆ ಮುಖ್ಯವಾಗುತ್ತದೆ. ಎಲ್ಲ ಕಾಯಿಲೆಗೂ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕವನ್ನು ಸಿಂಪಡಿಸುವ ರೂಢಿ ನಮ್ಮಲ್ಲಿದೆ. ಫೈಟಾಪ್ತೊರಾದ ಮೇಲೂ ಬ್ಯಾಕ್ಟೀರಿಯಾದ ಮೇಲೂ ಅದು ಕೆಲಸ ಮಾಡುವುದಿಲ್ಲ. ಕಪ್ಪು ಕೊಳೆಗೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಔಷಧವನ್ನು ಪೊಟ್ಟಣದ ಮೇಲಿನ ಪ್ರಮಾಣದಂತೆ, ಕೈಗವಸು ಮತ್ತು ಮುಖಗವಸು ಧರಿಸಿ ಬಳಸಬೇಕು. ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ಮಿಶ್ರಣ) ಆರ್ಕಿಡ್‌ಗೂ ಹೊಡೆದುಬಿಡೋಣ ಎಂಬ ಮನಸ್ಸು ಅಡಿಕೆ ಬೆಳೆಗಾರರಿಗೆ ಬರುವುದು ಸಹಜ. ತಾಮ್ರದ ಔಷಧಗಳು ಡೆಂಡ್ರೋಬಿಯಂಗೂ ಹೂವಿರುವ ಗಿಡಗಳಿಗೂ ಹಾನಿ ಮಾಡುವುದರಿಂದ ಹಾಗೆ ಮಾಡಬಾರದು. ಯಾವ ಕೊಳೆಯಾದರೂ ಮೊದಲ ಚಿಕಿತ್ಸೆ ಕತ್ತರಿಯದು: ಕಲೆಯ ಅಂಚಿನಿಂದ ಒಂದೆರಡು ಸೆಂಟಿಮೀಟರ್ ಒಳಗೆ, ಆರೋಗ್ಯವಾದ ಭಾಗದಲ್ಲಿ ಕತ್ತರಿಸಿ ಗಾಯಕ್ಕೆ ಚಕ್ಕೆಪುಡಿ ಹಚ್ಚಬಹುದು. ಆ ಪುಡಿ ಬೇರಿಗೆ ತಾಗಿದರೆ ಬೇರನ್ನೂ ಒಣಗಿಸುತ್ತದೆ. ಫಲನಾಪ್ಸಿಸ್‌ನ ಸುಳಿಯಲ್ಲಿ ರಾತ್ರಿ ನೀರು ನಿಲ್ಲದಂತೆ ನೋಡಿಕೊಂಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಡಗಳನ್ನು ಗಾಳಿಯಾಡುವ ಸೂರಿನಡಿ ಇಟ್ಟರೆ ಕೊಳೆಯ ಕಾಟ ಬಹಳ ಕಡಿಮೆಯಾಗುತ್ತದೆ.

ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಗಳು ಎಲೆಯ ಬುಡದ ಸಂದಿಯಲ್ಲಿ ಅಡಗಿರುತ್ತವೆ. ಅವು ಸೂಸುವ ಸಿಹಿ ಅಂಟಿಗೆ ಇರುವೆ ಬರುವುದರಿಂದ, ಕುಂಡದ ಮೇಲೆ ಇರುವೆಯ ಸಾಲು ಕಂಡರೆ ಆ ಸಂದಿಗಳನ್ನು ಬಿಡಿಸಿ ನೋಡಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಬೇಕು. ಬೇವಿನ ಎಣ್ಣೆಯನ್ನು ಬಿಸಿಲಿನ ಹೊತ್ತಿನಲ್ಲಿ ಸಿಂಪಡಿಸಬಾರದು. ಮಳೆಗಾಲದ ಬಸವನಹುಳುಗಳು ಬೇರಿನ ಹಸಿರು ತುದಿಯನ್ನೇ ತಿಂದುಹಾಕುತ್ತವೆ. ರಾತ್ರಿ ಟಾರ್ಚ್ ಹಿಡಿದು ಆರಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ವೈರಸ್ ರೋಗಕ್ಕೆ ಮಾತ್ರ ಮದ್ದಿಲ್ಲ. ಎಲೆಯಲ್ಲಿ ಗುಳಿಬಿದ್ದ ಹಳದಿ ಅಥವಾ ಕಪ್ಪು ಪಟ್ಟೆಗಳೂ ಹೂವಿನಲ್ಲಿ ಒಡೆದ ಬಣ್ಣವೂ ಕಂಡರೆ ಸಿಂಬಿಡಿಯಂ ಮೊಸಾಯಿಕ್ ವೈರಸ್‌ನ ಅನುಮಾನ ಪಡಬೇಕಾಗುತ್ತದೆ. ಅದು ಗಿಡದಿಂದ ಗಿಡಕ್ಕೆ ದಾಟುವುದು ಹೆಚ್ಚಾಗಿ ನಮ್ಮ ಕತ್ತರಿಯ ಮೂಲಕವೇ. ಒಂದು ಗಿಡವನ್ನು ಕತ್ತರಿಸಿ ಇನ್ನೊಂದಕ್ಕೆ ಹೋಗುವ ಮೊದಲು ಅಲಗನ್ನು ಒಲೆಯ ಉರಿಯಲ್ಲಿ ಚೆನ್ನಾಗಿ ಕಾಯಿಸಿ ಆರಿಸಬೇಕು, ಅಥವಾ ಗಿಡಕ್ಕೊಂದು ಹೊಸ ಬ್ಲೇಡ್ ಬಳಸಬೇಕು. ಹೊಸದಾಗಿ ತಂದ ಗಿಡವನ್ನು ಒಂದು ತಿಂಗಳಾದರೂ ಉಳಿದವುಗಳಿಂದ ದೂರವಿಟ್ಟು, ಅದಕ್ಕೆ ಹಾಕಿದ ನೀರು ಬೇರೆ ಕುಂಡಕ್ಕೆ ಹರಿಯದಂತೆ ನೋಡಿಕೊಳ್ಳಬೇಕು.